ತೂಕದ ಕೋಣೆಯ ಬೆಣೆ

“ಕೈಗವಸು ಬಿದ್ದೋಗಿತ್ತು. ಅದನ್ನೇ ಹುಡುಕ್ತಿದ್ದೆ,” ಅಂದ ಉದ್ದಣ್ಣ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತಳು. ಸುಟ್ಟ ಬೀಜದ ಗೋದಾಮಿನ ಒಳದಾರಿಯಲ್ಲಿ ಮೊಣಕಾಲೂರಿ ಕೂತಿದ್ದ ಆ ಉದ್ದನೆಯ ಆಳು, ಕಾಳಿನಲ್ಲಿ ಕಲ್ಲು ಆರಿಸುವವರ ಹಾಗೆ ಬೂದಿಯನ್ನು ಬೆರಳಿನಿಂದ ಸರಿಸಿ ಸರಿಸಿ ನೋಡುತ್ತಿದ್ದ. ಕೈಗವಸುಗಳು ಅವನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡೇ ಇದ್ದವು. ಎರಡೂ.

“ಸಿಕ್ತಾ?”

“ಎಲ್ಲಿ ಸಿಗತ್ತೆ ಗಂಟೆ, ಈ ರಾಶೀಲಿ.”

ಅವಳನ್ನು ಹಾಗೆ ಕರೆಯುವ ಧೈರ್ಯ ಈಗ ಉಳಿದಿದ್ದದ್ದು ಅಗ್ನಿಶಾಮಕ ಠಾಣೆಯವರಿಗೆ ಮಾತ್ರ. ನಿವೃತ್ತನಾಗುವವರೆಗೂ ಅವಳ ಅಪ್ಪ ಅಲ್ಲಿ ಬೆಂಕಿ ಆರಿಸುವ ಲಾರಿ ಓಡಿಸುತ್ತಿದ್ದ. ಲಂಗ ತೊಡುವ ವಯಸ್ಸಿನಲ್ಲಿ ಠಾಣೆಯ ಗಂಟೆಯ ಹಗ್ಗಕ್ಕೆ ಜೋತುಬಿದ್ದು, ಸುಮ್ಮಸುಮ್ಮನೆ ಬಾರಿಸಿ, ಊಟಕ್ಕೆ ಕೂತವರನ್ನೆಲ್ಲ ಬೂಟು ಹಾಕಿಸಿ ಓಡಿಸಿದ್ದಳಂತೆ. ಅಂದಿನಿಂದ ಅವಳು ಗಂಟೆ. ಈಗ ಹೆಗಲ ಮೇಲೆ ನಕ್ಷತ್ರಗಳಿದ್ದರೂ ಗಂಟೆಯೇ.

ಆ ಠಾಣೆಯಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯುತ್ತಿರಲಿಲ್ಲ. ಮೊನ್ನೆ ಮಧ್ಯಾಹ್ನ ಈ ಗೋದಾಮಿನ ತೂಕದ ಕೋಣೆಯಲ್ಲಿ ಹೊಗೆ ಕುಡಿದು ಸತ್ತವನೂ ಅಷ್ಟೆ, ಊರಿಗೆಲ್ಲ ಪಾರಿವಾಳ. ಠಾಣೆಯ ಹಿಂದಿನ ಕಸರತ್ತಿನ ಗೋಪುರದ ತುದಿಯಲ್ಲಿ ಪಾರಿವಾಳ ಸಾಕಿದ್ದ. ಅವತ್ತು ಅವನಿಗೆ ರಜೆ. ಹೊಗೆ ಕಂಡು ಮನೆಯಿಂದಲೇ ಓಡಿಬಂದು, ಒಳಗೆ ಯಾರಾದರೂ ಇದ್ದಾರೋ ಎಂದು ನುಗ್ಗಿದ ಎಂದು ಎಲ್ಲರೂ ಹೇಳುತ್ತಿದ್ದರು. ನುಗ್ಗಿದ್ದನ್ನು ಕಂಡವರು ಯಾರೂ ಇರಲಿಲ್ಲ.

ಅವಳು ಉದ್ದಣ್ಣನನ್ನು ಬಳಸಿಕೊಂಡು ತೂಕದ ಕೋಣೆಯ ಬಾಗಿಲ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತಳು. ತಗಡು ಬಡಿದ ದಪ್ಪ ಬಾಗಿಲು, ಹೊರಕ್ಕೆ ತೆರೆಯುವಂಥದ್ದು. ಒಳಗೆ ತಕ್ಕಡಿಯ ಸರಪಳಿ ಇನ್ನೂ ತೊಲೆಯಿಂದ ನೇತಾಡುತ್ತಿತ್ತು.

“ಅಣ್ಣ, ಇಲ್ಲಿ ಬಾ. ಇದನ್ನ ನೋಡು.”

ನೆಲದ ಮೇಲೆಲ್ಲ ಮಸಿ ಕೂತು ಗಟ್ಟಿಯಾಗಿತ್ತು, ಹಂಚಿನ ತಳದ ಹಾಗೆ. ಬಾಗಿಲ ಬುಡದಲ್ಲಿ ಮಾತ್ರ ಅಂಗೈಯಷ್ಟು ಜಾಗ ಕೆಂಪಗೆ, ಆಗಷ್ಟೇ ಒರೆಸಿದಂತೆ ಚೊಕ್ಕಟವಾಗಿತ್ತು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು.

ಉದ್ದಣ್ಣ ನೋಡಿದ. ತಕ್ಷಣ ನೋಟ ಕಿತ್ತುಕೊಂಡ.

“ಏನೋ ಇಟ್ಟಿದ್ರು ಅಂತ ಕಾಣತ್ತೆ.”

“ಹೂಂ. ಏನೋ ಇಟ್ಟಿದ್ರು,” ಅಂದಳು ಅವಳು. “ಮಸಿ ಕೂರೋಕೆ ಮೊದಲೇ ಇಟ್ಟಿದ್ರು. ನೀವು ಒಳಗೆ ಬಂದಮೇಲೆ ಇಟ್ಟಿದ್ರೆ ಅದರಡಿ ಇಷ್ಟು ಕೆಂಪು ಇರ್ತಿರ್ಲಿಲ್ಲ.”

ಅವನು ಎದ್ದು ನಿಂತ. ಪ್ಯಾಂಟಿನ ಮೊಣಕಾಲು ಕೊಡವಿದ. ಕೊಡವಿದಷ್ಟೂ ಕಪ್ಪಾಯಿತು.

“ನಾಳೆ ಬೆಳಿಗ್ಗೆ ಪಾರಿವಾಳನ್ನ ನಮ್ಮ ಗಾಡಿ ಮೇಲೆ ಮಣ್ಣಿಗೆ ಕರ್ಕೊಂಡು ಹೋಗ್ಬೇಕು, ಇನ್ಸ್‌ಪೆಕ್ಟರಮ್ಮ,” ಅಂದ. “ಗಾಡಿ ತೊಳೀಬೇಕು. ನಾನು ಬರ್ತೀನಿ.”

ಗಂಟೆ ಹೋಗಿ ಇನ್ಸ್‌ಪೆಕ್ಟರಮ್ಮ ಬಂದದ್ದನ್ನು ಅವಳು ಗಮನಿಸಿದಳು. ಅವನ ಬೂಟಿನ ಸದ್ದು ರಸ್ತೆಗೆ ಮುಟ್ಟುವವರೆಗೂ ಕಾದು, ಜೇಬಿನಿಂದ ಒಂದು ಮರದ ತುಂಡನ್ನು ತೆಗೆದು ಆ ಕೆಂಪು ಜಾಗದ ಮೇಲಿಟ್ಟಳು.

ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು.

ಅದು ಬೆಣೆ. ನಿನ್ನೆ ಸಂಜೆ ಬಾಗಿಲ ಹಿಂದಿನ ಮೂಲೆಯಲ್ಲಿ ಅವಳಿಗೆ ಸಿಕ್ಕಿತ್ತು. ಮೇಲ್ಭಾಗ ಸುಟ್ಟು ಇದ್ದಿಲಾಗಿತ್ತು, ಅಡಿಭಾಗ ಹಸನಾಗಿತ್ತು. ಉದ್ದಣ್ಣ ಬೂದಿ ಕೆದಕುತ್ತಿದ್ದದ್ದು ಇದಕ್ಕೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಬೆಣೆಯ ಕತೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಠಾಣೆಯಲ್ಲಿ ಹಳೆಯ ಮರದ ಏಣಿ ಮುರಿದರೆ ಅದನ್ನು ಒಲೆಗೆ ಹಾಕುತ್ತಿರಲಿಲ್ಲ. ಎಷ್ಟೋ ಜನರನ್ನು ಇಳಿಸಿದ ಮರ ಅದು. ಕೊಯ್ದು ಬೆಣೆ ಮಾಡಿ, ಹೊಸದಾಗಿ ಸೇರಿದವನಿಗೆ ಹಿರಿಯರು ಒಂದೊಂದು ಕೊಡುತ್ತಿದ್ದರು. ಅವನು ಅದರ ಹಿಂಬದಿಗೆ ಕಾದ ಕಂಬಿಯಿಂದ ತನ್ನ ಗುರುತು ಒತ್ತಿ ಕೋಟಿನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ.

ಉರಿಯುವ ಕಟ್ಟಡದಲ್ಲಿ ಒಂದು ಕೋಣೆಯನ್ನು ಪೂರ್ತಿ ತಡಕಿ, ಯಾರೂ ಇಲ್ಲ ಎಂದು ಖಚಿತವಾದ ಮೇಲೆ, ಹೊರಬಂದು ಬಾಗಿಲು ಮುಚ್ಚಿ ಅಡಿಗೆ ಬೆಣೆ ಒದೆಯಬೇಕು. ಬೆಂಕಿ ಒಳಗೆ ಹೋಗದಿರಲಿ ಅಂತ. ಅದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ತೆವಳಿ ಬರುವವನಿಗೆ ತಿಳಿಯಲಿ ಅಂತ. ಹೊಗೆಯಲ್ಲಿ ಹೊಟ್ಟೆಯ ಮೇಲೆ ಬರುವವನ ಕಣ್ಣಿಗೆ ಮೊದಲು ಬೀಳುವುದು ಬಾಗಿಲ ಬುಡವೇ. ಬೆಣೆ ಕಂಡರೆ ಅಲ್ಲಿ ಉಸಿರು ವ್ಯರ್ಥ ಮಾಡದೆ ಮುಂದೆ ಹೋಗಬೇಕು. ಬೆಣೆ ಇರುವ ಬಾಗಿಲನ್ನು ಮುಟ್ಟಬಾರದು. ಆ ಠಾಣೆಯಲ್ಲಿ ಇದನ್ನು ಯಾರೂ ಮೀರಿದ್ದಿಲ್ಲ.

ಹಾಗಾದರೆ ಯಾರೋ ಪಾರಿವಾಳನನ್ನು ಒಳಗೆ ಬಿಟ್ಟು ಬೆಣೆ ಒದ್ದಿದ್ದರು. ಬೆಂಕಿಗೆ ಮೊದಲೇ. ಆಮೇಲೆ ಬಂದ ಅವನ ಸ್ವಂತ ಗೆಳೆಯರೇ ಆ ಬಾಗಿಲ ಪಕ್ಕದಲ್ಲಿ ತೆವಳಿಕೊಂಡು ಹೋಗಿದ್ದರು. ದಾರಿಹೋಕ ಯಾರಾದರೂ ಬಂದಿದ್ದರೆ ಮುಚ್ಚಿದ ಬಾಗಿಲು ಕಂಡ ಕೂಡಲೇ ತೆರೆದು ನೋಡಿರುತ್ತಿದ್ದ. ತೆರೆಯದೆ ಮುಂದೆ ಹೋಗುವುದು ಕಲಿತವರಿಗೆ ಮಾತ್ರ ಸಾಧ್ಯವಿತ್ತು.

ಸಂಜೆಯೊಳಗೆ ಅವಳು ಮೇಲಿನವರಿಗೆ ಒಂದು ಮಾತು ಹೇಳಬೇಕಾಗಿತ್ತು. ಇದು ಆಕಸ್ಮಿಕ ಎಂದರೆ ನಾಳೆ ಬೆಳಿಗ್ಗೆ ಪಾರಿವಾಳ ಠಾಣೆಯ ಕೆಂಪು ಗಾಡಿಯ ಮೇಲೆ, ಅಗ್ನಿಶಾಮಕ, ಪೊಲೀಸ್, ಆಸ್ಪತ್ರೆ ಮೂರೂ ಇಲಾಖೆಯವರ ಸಲಾಮು ತೆಗೆದುಕೊಂಡು ಹೊರಡುತ್ತಾನೆ. ಅಲ್ಲ ಎಂದರೆ ಹೆಣ ಶವಾಗಾರದಲ್ಲೇ ಉಳಿಯುತ್ತದೆ, ಸಲಾಮು ಹೊಡೆಯಬೇಕಾದವರೆಲ್ಲ ಅವಳೆದುರು ಕೈಕಟ್ಟಿ ನಿಲ್ಲಬೇಕಾಗುತ್ತದೆ.

*

ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಆಂಬುಲೆನ್ಸ್ ನಿಂತಿತ್ತು. ಅತ್ತಿಗೆ, ಪಾರಿವಾಳನ ಹೆಂಡತಿ, ಬಕೆಟಿನಲ್ಲಿ ಸೋಪಿನ ನೀರಿಟ್ಟುಕೊಂಡು ಸ್ಟ್ರೆಚರಿನ ಪಟ್ಟಿಗಳನ್ನು ಉಜ್ಜುತ್ತಿದ್ದಳು. ಗಂಡ ಸತ್ತು ಎರಡು ದಿನ ಕಳೆದಿರಲಿಲ್ಲ, ಮೈಮೇಲೆ ಆಂಬುಲೆನ್ಸ್ ಡ್ಯೂಟಿಯ ಬಟ್ಟೆ ಇತ್ತು.

“ಮನೇಲಿರಬಾರದಾ ಅತ್ತಿಗೆ?”

“ಮನೇಲಿ ಏನಿದೆ? ಬಂದೋರೆಲ್ಲ ನನ್ನ ಮುಖ ನೋಡ್ತಾ ಕೂರ್ತಾರೆ. ನಾನು ಅಳದೇ ಇದ್ರೆ ಅವರಿಗೆ ಬೇಜಾರು. ಇಲ್ಲಿ ಕೆಲಸ ಆದ್ರೂ ಇದೆ.”

ಒಡಹುಟ್ಟಿದ ಅಣ್ಣನ ಹೆಂಡತಿಯೇನಲ್ಲ. ಪಾರಿವಾಳನನ್ನು ಅಣ್ಣಾ ಎನ್ನುತ್ತಿದ್ದಳಾದ್ದರಿಂದ ಅವನು ಕಟ್ಟಿಕೊಂಡು ಬಂದವಳು ಅತ್ತಿಗೆಯಾದಳು. ಅಮ್ಮ ತೀರಿಕೊಂಡ ವರ್ಷ ಇವಳ ತಲೆಯ ಸಿಕ್ಕು ಬಿಡಿಸಿ ಜಡೆ ಹಾಕಿದ್ದು ಇದೇ ಕೈ. ಪೊಲೀಸ್ ಪರೀಕ್ಷೆಗೆ ಓಡುವ ಅಭ್ಯಾಸ ಮಾಡುವಾಗ ಬೆಳಗಿನ ಜಾವ ಎದ್ದು ಹಾಲು ಕಾಸಿಕೊಟ್ಟದ್ದೂ ಇದೇ ಕೈ.

ಅತ್ತಿಗೆ ಸ್ಟ್ರೆಚರನ್ನು ಒಳಗೆ ದೂಡಲು ಹೋದಳು. ಹಿಂಬಾಗಿಲು ತಾನಾಗಿ ವಾಲಿಕೊಂಡು ಬಂದು ಅವಳ ಬೆನ್ನಿಗೆ ಬಡಿಯಿತು. “ಥೂ, ಇದೊಂದು,” ಎಂದು ಸೊಂಟದಿಂದ ಅದನ್ನು ಹಿಂದಕ್ಕೆ ತಳ್ಳಿ, ಕಾಲಿನಿಂದ ಒಂದು ಇಟ್ಟಿಗೆ ಎಳೆದು ಅಡ್ಡ ಇಟ್ಟಳು. ಇಟ್ಟಿಗೆ ಹೊಸದು, ಇನ್ನೂ ಅಂಚು ಮುರಿದಿರಲಿಲ್ಲ.

“ಆ ದಿನ ತೂಕದ ಕೋಣೆ ಬಾಗಿಲು ತೆಗೆದದ್ದು ನೀನೇ ಅಲ್ವಾ?” ಇನ್ಸ್‌ಪೆಕ್ಟರ್ ಕೇಳಿದಳು.

“ಇನ್ಯಾರು ತೆಗೀತಾರೆ?” ಅತ್ತಿಗೆಯ ಧ್ವನಿ ಏರಲಿಲ್ಲ. “ಬೆಂಕಿ ಆರಿತ್ತು. ಹೊಗೆ ಇನ್ನೂ ಇತ್ತು. ಎಲ್ಲ ಕಡೆ ನೋಡಿದೀವಿ, ಯಾರೂ ಇಲ್ಲ ಅಂತ ಇವರೆಲ್ಲ ನೀರು ಕುಡೀತಾ ಕೂತಿದ್ರು. ನಾನು ಒಳಗೆ ಹೋದೆ. ಆ ಬಾಗಿಲು ಮುಚ್ಚಿತ್ತು. ಕೆಳಗೆ ಏನೋ ಮರದ ಚೂರು ಸಿಕ್ಕೊಂಡಿತ್ತು. ಕಾಲಲ್ಲಿ ಒದ್ದೆ, ಹಾರಿಹೋಯ್ತು. ತೆಗೆದೆ.”

ಪಟ್ಟಿಯನ್ನು ಹಿಂಡಿದಳು. ಬೂದುಬಣ್ಣದ ನೀರು ಬಕೆಟಿಗೆ ಇಳಿಯಿತು.

“ಬಾಗಿಲ ಹತ್ರಾನೇ ಇದ್ರು. ಅಂಗೈ ಹೀಗೆ ಬಾಗಿಲಿಗೆ ಆನಿಸ್ಕೊಂಡು.”



“ಉದ್ದಣ್ಣ ಬೊಬ್ಬೆ ಹೊಡೆದನಂತೆ, ಬೆಣೆ ಇದ್ದ ಬಾಗಿಲು ಯಾಕೆ ತೆಗೆದೆ ಅಂತ.”

“ಹೊಡೆದ. ನಿಮ್ಮ ಬೆಣೆ ಕಾನೂನು ನನಗೇನು ಗೊತ್ತು ಅಂದೆ. ಗೊತ್ತಿಲ್ಲದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಾನೂ ಅವರ ಹಾಗೇ ದಾಟಿ ಹೋಗ್ತಿದ್ದೆ.” ಒದ್ದೆ ಕೈಯಿಂದಲೇ ಇವಳ ಮುಂಗೈ ಹಿಡಿದಳು. “ಗಂಟೆ, ಒಂದು ಮಾತು ಕೊಡು. ನಾಳೆ ಅವರು ಗಾಡಿ ಮೇಲೆ ಹೋಗ್ಲಿ. ಬದುಕಿಡೀ ಆ ಗಾಡಿ ಹಿಂದೆ ಓಡಿದೋರು. ತಪ್ಪು ಯಾರದ್ದೇ ಇರ್ಲಿ, ಅದು ಆಮೇಲೆ. ಅವರನ್ನ ಆ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡ.”

“ನೋಡ್ತೀನಿ ಅತ್ತಿಗೆ.”

“ನೋಡ್ತೀನಿ ಅಲ್ಲ. ಕೊಡ್ತೀನಿ ಅನ್ನು.”

“ಕೊಟ್ಟೆ,” ಅಂದಳು.

*

ಠಾಣೆಯ ಅಂಗಳದಲ್ಲಿ ಗಾಡಿಯನ್ನು ತೊಳೆದು ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಮೇಲೆ, ಗೋಪುರದ ಸುತ್ತ ಪಾರಿವಾಳಗಳು ಹಾರಿ ಕೂತು, ಕೂತು ಹಾರಿ, ಬರಬೇಕಾದವನನ್ನು ಕಾಯುತ್ತಿದ್ದವು.

ಮೊನ್ನೆ ಒಳಗೆ ಹೋದವರು ಮೂವರು. ಮುಂದೆ ಉದ್ದಣ್ಣ. ಅವನ ಹಿಂದೆ ಸಿಡುಕ, ಯಾವುದಕ್ಕೂ ಮೊದಲು ಬೇಡ ಅನ್ನುವವನು. ಕೊನೆಯಲ್ಲಿ ಕೆಮ್ಮಪ್ಪ. ಹೊಗೆಯಲ್ಲಿ ಕೆಮ್ಮದೆ ಹೊರಗೆ ಬಂದಮೇಲೆ ಕೆಮ್ಮುತ್ತಾನೆ ಎಂದು ಅವನನ್ನು ಗೇಲಿ ಮಾಡುತ್ತಿದ್ದರು.

“ನಿಮ್ಮ ನಿಮ್ಮ ಬೆಣೆ ತೆಗೆದು ಈ ಮೆಟ್ಟಿಲ ಮೇಲೆ ಇಡಿ,” ಅಂದಳು ಇನ್ಸ್‌ಪೆಕ್ಟರ್, ಗಾಡಿಯ ಮೆಟ್ಟಿಲು ತೋರಿಸಿ.

“ಯಾಕಂತೆ?” ಸಿಡುಕ ಬಟ್ಟೆ ಕೆಳಗಿಟ್ಟ. “ನಾವು ನಿನ್ನ ಪಿಸ್ತೂಲು ಕೇಳಿದ್ವಾ?”

“ಕೇಳು, ಕೊಡ್ತೀನಿ. ಮೊದಲು ಬೆಣೆ.”

“ಚಿಕ್ಕೋಳಿದ್ದಾಗ ಗಂಟೆ ಬಾರಿಸಿ ಊಟ ಕೆಡಿಸ್ತಿದ್ದೆ, ಈಗ ಕೆಲಸ ಕೆಡಿಸೋಕೆ ಬಂದಿದೀಯ,” ಎಂದು ಗೊಣಗುತ್ತಲೇ ಅವನು ಕೋಟು ತಂದ.

ಮೂರು ಬೆಣೆಗಳು ಸಾಲಾಗಿ ಕೂತವು. ಸಿಡುಕನದು ಅಡ್ಡಗೆರೆ, ಕೆಮ್ಮಪ್ಪನದು ನೇಗಿಲ ಕುಳದಂಥ ಗುರುತು, ಉದ್ದಣ್ಣನದು ಏಣಿ. ಯಾರೂ ಕೇಳದಿದ್ದರೂ ಕೆಮ್ಮಪ್ಪ ಒಳಗೆ ಹೋಗಿ ಪಾರಿವಾಳನ ಕೋಟು ತಂದ. ಎಡಜೇಬಿನಲ್ಲಿ ನಾಲ್ಕನೆಯದು, ಹಕ್ಕಿಯ ಹೆಜ್ಜೆಯ ಗುರುತಿನದು. ಅದನ್ನು ಇಡುವಾಗ ಉಳಿದವುಗಳಿಂದ ಸ್ವಲ್ಪ ದೂರ ಇಟ್ಟ.

ಯಾರದ್ದೂ ಕಳೆದಿರಲಿಲ್ಲ.

“ತೂಕದ ಕೋಣೆ ತಡಕಿದ್ದು ಯಾರು?”

“ಸಿಡುಕ,” ಅಂದ ಕೆಮ್ಮಪ್ಪ.

“ನಾನೆಲ್ಲಿ? ಬೆಣೆ ಇತ್ತಲ್ಲ. ಉದ್ದಣ್ಣ ನೋಡಿ ಮುಚ್ಚಿರ್ತಾನೆ ಅನ್ಕೊಂಡೆ.”

“ನಾನು ನೀನೇ ಅನ್ಕೊಂಡೆ...”

ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ನಡೆದಿತ್ತು ಎನ್ನುವುದು ನಿಧಾನವಾಗಿ, ನೀರು ಬಟ್ಟೆಗೆ ಹತ್ತುವ ಹಾಗೆ, ಅವರಿಗೆ ಹತ್ತಿತು. ಕೆಮ್ಮಪ್ಪ ಗಾಡಿಯ ಗಾಲಿಗೆ ಒರಗಿ ಕೆಳಗೆ ಕೂತುಬಿಟ್ಟ.

“ನಾನು ಆ ಬಾಗಿಲಿಗೆ ಭುಜ ಸವರಿಕೊಂಡು ಹೋದೆ ಗಂಟೆ,” ಅಂದ. “ಭುಜ ತಾಗಿತ್ತು.”

ಸಿಡುಕ ಬಟ್ಟೆ ಎತ್ತಿಕೊಂಡ. ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದ.

ಉದ್ದಣ್ಣ ಆಗಲೇ ಅಲ್ಲಿರಲಿಲ್ಲ. ಗೋಪುರದ ಕಬ್ಬಿಣದ ಮೆಟ್ಟಿಲು ಸದ್ದು ಮಾಡುತ್ತಿತ್ತು.

ಅವಳು ಹತ್ತಿ ಹೋದಾಗ ಅವನು ಪಾರಿವಾಳದ ಗೂಡಿನ ಮುಂದೆ ಕೂತು ಅಂಗೈಯಿಂದ ಕಾಳು ಚೆಲ್ಲುತ್ತಿದ್ದ. ಕೆಳಗೆ ಊರಿನ ಮಾಡುಗಳು, ಆಚೆ ಉತ್ತ ಹೊಲಗಳು, ಅವುಗಳ ಅಂಚಿನಲ್ಲಿ ಗೋದಾಮಿನ ಕರಿಯ ಗೋಡೆ. ಬಿತ್ತನೆಯ ಹೊತ್ತು ಬಂದಿತ್ತು. ಬೀಜ ಸುಟ್ಟುಹೋಗಿತ್ತು.

“ಕೈಗವಸು ಅಂದೆ,” ಅಂದಳು ಅವಳು. “ಸುಳ್ಳು ಹೇಳೋದೂ ಬರಲ್ವಲ್ಲಣ್ಣ ನಿನಗೆ. ಸೊಂಟಕ್ಕೇ ಸಿಕ್ಕಿಸ್ಕೊಂಡು!”

ಅವನು ನಗಲಿಲ್ಲ.

“ಕೆಮ್ಮಪ್ಪ, ಸಿಡುಕ ಇಬ್ಬರೂ ನಿನ್ನ ಹಿಂದೆ ಬಂದೋರು. ಬೆಣೆ ಕಂಡರೆ ಮುಂದಿನವನು ಹಾಕಿದ್ದಾನೆ ಅನ್ಕೋಬಹುದು. ನಿನ್ನ ಮುಂದೆ ಯಾರಿದ್ರು?”

ಕಾಳು ಚೆಲ್ಲುವ ಕೈ ನಿಂತಿತು.

“ಎಲ್ಲರಿಗಿಂತ ಮೊದಲು ಒಳಗೆ ಹೋದೋನು ನೀನು. ಅಲ್ಲಿ ಬೆಣೆ ಇತ್ತು. ನಿಮ್ಮಲ್ಲಿ ಯಾರದ್ದೂ ಆಗಿರೋಕೆ ಸಾಧ್ಯವೇ ಇಲ್ಲ ಅಂತ ಗೊತ್ತಿದ್ದೋನು ನೀನೊಬ್ಬನೇ. ಯಾಕೆ ತೆಗೆದು ನೋಡ್ಲಿಲ್ಲ?”

“ಕೇಳಬೇಡ.”

“ಕೇಳ್ತಿದೀನಿ.”

“ಗಂಟೆ, ನಿನ್ನ ಕಾಲು ಹಿಡ್ಕೋತೀನಿ. ಆಕಸ್ಮಿಕ ಅಂತ ಹೇಳು. ನನ್ನ ತಪ್ಪು ಅಂತ ಬೇಕಾದ್ರೂ ಹೇಳು. ಬೆಲ್ಟು ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ. ಇದರಾಚೆ ಹೋಗಬೇಡ.”

“ಯಾರನ್ನ ಕಾಪಾಡ್ತಿದೀಯ?”

ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು, ಹೊಗೆಯಿಂದಲ್ಲ.

“ಬೆಣೆ ನಿನ್ನ ಹತ್ರಾನೇ ಇದೆ ಅಲ್ವಾ? ಹಿಂಬದಿ ಉಜ್ಜಿ ನೋಡು.”

ಅವಳು ಜೇಬಿನಿಂದ ತೆಗೆದಳು. ದಪ್ಪ ತುದಿಯ ಮೇಲಿನ ಕರಿಯನ್ನು ಕರವಸ್ತ್ರದಿಂದ ಉಜ್ಜಿದಳು. ಮೊದಲು ಏನೂ ಕಾಣಲಿಲ್ಲ. ಹೆಬ್ಬೆರಳ ಉಗುರಿನಿಂದ ಕೆರೆದಾಗ ಒಂದು ಕಮಾನು ಎದ್ದಿತು. ಕಮಾನು ಸುತ್ತಿ ಬಂದು ವೃತ್ತವಾಯಿತು. ನಡುವೆ ಒಂದು ಚುಕ್ಕೆ.

ಗಾಲಿ.

ಆ ಗಾಲಿಯ ಮೇಲೆ ಕೂತು ಅವಳು ಉಂಡಿದ್ದಳು. ಮನೆಯ ಮಣೆಗೆ ಅದೇ ಗುರುತಿತ್ತು. ಅವಳ ಮೊದಲ ಬಳಪದ ಪೆಟ್ಟಿಗೆಯ ಮುಚ್ಚಳಕ್ಕೂ ಅದೇ ಇತ್ತು. ಮರದಲ್ಲಿ ಏನೇ ಮಾಡಿದರೂ ಅಪ್ಪ ಆ ಗುರುತು ಒತ್ತದೆ ಬಿಟ್ಟದ್ದಿಲ್ಲ.

“ಹೊಗೆ ಕಂಡ್ರೆ ಈಗಲೂ ಓಡಿ ಬರ್ತಾರಲ್ಲ ಅವರು,” ಉದ್ದಣ್ಣ ಮೆಲ್ಲಗೆ ಹೇಳಿದ. “ಬೈದ್ರೂ ಕೇಳಲ್ಲ. ಟಾರ್ಚಿನ ಬೆಳಕಲ್ಲಿ ಗಾಲಿ ಕಂಡಿತು. ನಮಗಿಂತ ಮೊದಲು ಬಂದು ನೋಡಿ ಹೋಗಿದ್ದಾರೆ ಅನ್ಕೊಂಡೆ. ನನಗೆ ತೆವಳೋದು ಕಲಿಸಿದೋರು ಅವರು. ಅವರು ಮುಚ್ಚಿದ ಬಾಗಿಲನ್ನ ಇನ್ನೊಮ್ಮೆ ತೆಗೆದು ನೋಡೋ ಯೋಗ್ಯತೆ ನನಗಿದೆ ಅಂತ ಅನ್ನಿಸ್ಲಿಲ್ಲ.”

ಗಾಳಿಗೆ ಗೂಡಿನ ಬಾಗಿಲು ಕಿರುಗುಟ್ಟಿತು.

“ಆಮೇಲೆ ಪಾರಿವಾಳನ್ನ ಹೊರಗೆ ತಂದ್ರು. ನಿಮ್ಮಪ್ಪಂಗೆ ವಯಸ್ಸಾಯ್ತು, ಕಣ್ಣು ಮಂಜು, ಕಾಣದೇ ಮುಚ್ಚಿಬಿಟ್ಟಿದ್ದಾರೆ ಅನ್ಕೊಂಡೆ. ಅದನ್ನ ಅವರಿಗೆ ಹೇಗೆ ಹೇಳ್ಲಿ? ಬೆಣೆ ಸಿಕ್ಕರೆ ಒಲೆಗೆ ಹಾಕಿ ನನ್ನ ಹೊಟ್ಟೇಲೇ ಇಟ್ಕೊಳ್ಳೋಣ ಅಂತಿದ್ದೆ. ಬೆಳಿಗ್ಗೆ ನೀನು ಆ ಕೆಂಪು ಜಾಗ ತೋರಿಸಿದೆ. ಮಸಿ ಕೂರೋಕೆ ಮೊದಲೇ ಅಂದೆ, ಅಂದ್ರೆ ಬೆಂಕಿಗೂ ಮೊದಲೇ.” ಅವನು ಮುಂದೆ ಹೇಳಲಾರದೆ ಕೈಯಲ್ಲಿ ಉಳಿದ ಕಾಳನ್ನೆಲ್ಲ ಒಮ್ಮೆಗೇ ಸುರಿದ. “ಇವತ್ತು ಬೆಳಿಗ್ಗೆಯಿಂದ ನನಗೆ ತಲೇನೇ ಓಡ್ತಿಲ್ಲ.”

ಅವಳಿಗೆ ನೆನಪಾಯಿತು. ಮೊನ್ನೆ ಸಂಜೆ ಮೈಯೆಲ್ಲ ಹೊಗೆ ವಾಸನೆ ಹೊತ್ತು ಮನೆಗೆ ಹೋದಾಗ, ಎಲ್ಲಿದ್ದೆ ಎಂದು ಅಪ್ಪನನ್ನು ಕೇಳಿದ್ದಳು. ಊಟ ಮಾಡಿ ಮಲಗಿದ್ದೆ ಎಂದಿದ್ದ. ಹೊಗೆ ಕಂಡರೆ ಮಲಗಿರುವ ಅಪ್ಪನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

*

ಅಪ್ಪ ಮನೆಯ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆ ಬೀಜ ಹಸನು ಮಾಡುತ್ತಿದ್ದ. ಸೈರನ್ನಿನ ಪಕ್ಕದಲ್ಲೇ ಬದುಕು ಕಳೆದು ಕಿವಿ ಮಂದವಾಗಿತ್ತು. ಅವಳ ನೆರಳು ಮೊರದ ಮೇಲೆ ಬಿದ್ದ ಮೇಲೆಯೇ ತಲೆ ಎತ್ತಿದ್ದು.

“ಇಷ್ಟು ಬೇಗ? ಉಂಡ್ಯಾ?”

“ಅಪ್ಪ, ನಿನ್ನ ಬೆಣೆ ಎಲ್ಲಿ?”

“ಏನು?”

“ಬೆಣೆ! ನಿನ್ನ ಬೆಣೆ!”

ಕೂಗಬಾರದ ಮಾತನ್ನು ಬೀದಿಗೆ ಕೇಳುವಂತೆ ಕೂಗಬೇಕಾಗಿತ್ತು.

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದ. ಏಕೆ ಎಂದು ಕೇಳಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಹಳೆಯ ಬಟ್ಟೆ ಎತ್ತಿಟ್ಟ ಸದ್ದು. ಅವಳು ಜಗಲಿಯ ಕಂಬ ಹಿಡಿದು ನಿಂತಳು. ಖಾಲಿ ಕೈಯಲ್ಲಿ ಬಂದರೆ ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮಾಡಲು ಕಾಲು ಏಳುತ್ತದೆಯೇ ಎಂಬುದು ಗೊತ್ತಿರಲಿಲ್ಲ.

ಅಪ್ಪ ಹೊರಬಂದು ಮೊರದ ಅಂಚಿನಲ್ಲಿ ಏನನ್ನೋ ಇಟ್ಟ.

ಎಣ್ಣೆ ಕುಡಿದು ಹೊಳೆಯುತ್ತಿದ್ದ ಏಣಿಮರದ ಬೆಣೆ. ಹಿಂಬದಿಯಲ್ಲಿ ಗಾಲಿ.

ಅವಳು ಉಸಿರು ಬಿಟ್ಟಳು. ತನ್ನ ಜೇಬಿನದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಒಂದು ಹೊಳೆಯುವುದು, ಒಂದು ಸುಟ್ಟದ್ದು. ಎರಡರ ಗಾಲಿಯೂ ಒಂದೇ.

ಅಪ್ಪ ಬಗ್ಗಿ ನೋಡಿದ. ಸುಟ್ಟ ಬೆಣೆಯನ್ನು ಎತ್ತಿ ಹೆಬ್ಬೆರಳಿನಿಂದ ಅಂಚು ಸವರಿದ. ಕಣ್ಣು ಮಂಜಾದರೂ ಕೈ ಮರೆತಿರಲಿಲ್ಲ.

“ಇದೂ ನಾನೇ ಮಾಡಿದ್ದು. ಇದಕ್ಕೇನಾಯ್ತು ಹೀಗೆ?”

“ಎರಡು ಮಾಡಿದ್ಯಾ?” ಅವಳು ಕಿವಿಯ ಹತ್ತಿರ ಬಾಗಿದಳು. “ಇದನ್ನ ಯಾರಿಗೆ ಕೊಟ್ಟೆ?”

“ಠಾಣೆಯೋರಿಗಲ್ಲ. ಅವರಿಗೆ ಅವರವರದ್ದು ಇದೆ.” ಅಪ್ಪ ಕೂತು ಮೊರವನ್ನು ತೊಡೆಗೆಳೆದುಕೊಂಡ. “ಅವಳಿಗೆ ಮಾಡಿದ್ದು. ಪಾರಿವಾಳನ ಹೆಂಡತಿಗೆ. ಆಂಬುಲೆನ್ಸಿನ ಹಿಂಬಾಗಿಲು ನಿಲ್ಲಲ್ಲ ಮಾವ, ರೋಗೀನ ಇಳಿಸೋವಾಗ ಬೆನ್ನಿಗೆ ಬಡಿಯತ್ತೆ ಅಂತಿದ್ಲು. ಏಣಿ ಮರ ಒಂದು ತುಂಡು ಉಳಿದಿತ್ತು, ಕೆತ್ತಿಕೊಟ್ಟೆ. ಹ್ಯಾಗೆ ಒದೀಬೇಕು ಅಂತ ತೋರಿಸ್ದೆ. ಬೆಂಕೀಲಿ ನಾವು ಇದನ್ನ ಯಾಕೆ ಇಡ್ತೀವಿ ಅಂತಾನೂ ಹೇಳಿದ್ದೆ. ಒಂದಲ್ಲ ಎರಡಲ್ಲ, ಕೇಳಿ ಕೇಳಿ ತಿಳ್ಕೊಂಡ್ಲು. ಜಾಣೆ ಅವಳು.”

ನಿಮ್ಮ ಬೆಣೆ ಕಾನೂನು ನನಗೇನು ಗೊತ್ತು.

ಅಂಚು ಮುರಿಯದ ಹೊಸ ಇಟ್ಟಿಗೆ ಅವಳ ಕಣ್ಣೆದುರು ಬಂತು. ಅದನ್ನು ಎಳೆದ ಕಾಲು ಬಂತು. ಜಡೆ ಹಾಕಿದ ಕೈ, ಹಾಲು ಕಾಸಿದ ಕೈ, ಇವತ್ತು ಒದ್ದೆಯಾಗಿಯೇ ತನ್ನ ಮುಂಗೈ ಹಿಡಿದು ಮಾತು ತೆಗೆದುಕೊಂಡ ಕೈ ಬಂತು. ಯಾರೋ ಆಂಬುಲೆನ್ಸಿನಿಂದ ಬೆಣೆ ಕದ್ದಿರಬಹುದು. ಕದ್ದಿದ್ದರೆ ಅತ್ತಿಗೆ ಹೇಳುತ್ತಿರಲಿಲ್ಲವೇ? ಮರದ ಚೂರು ಅಂದಳಲ್ಲ. ಏನೋ ಮರದ ಚೂರು.

“ಅಪ್ಪ, ಮೊನ್ನೆ ಮಧ್ಯಾಹ್ನ ನೀನು ನಿಜವಾಗ್ಲೂ ಮಲಗಿದ್ಯಾ?”

“ಮಲಗಿದ್ದೆ ಅಂತ ಹೇಳಿದ್ನಲ್ಲ. ಅವಳು ಊಟದ ಹೊತ್ತಿಗೆ ಬಂದಿದ್ಲು. ಮೊಣಕಾಲು ನೋವಿಗೆ ಮಾತ್ರೆ ಕೊಟ್ಟು, ಮಲಕ್ಕೊಳ್ಳಿ ಮಾವ ಅಂದ್ಲು. ಎಂಥಾ ನಿದ್ದೆ ಅಂತೀಯ! ಎದ್ದಾಗ ಬೆಂಕಿ ಆರಿಹೋಗಿತ್ತು.”

ಅಪ್ಪ ಮತ್ತೆ ಮೊರದ ಬೀಜಕ್ಕೆ ಕೈಹಾಕಿದ.

ಆಮೇಲೆ ಬೀದಿಯಲ್ಲಿ ಒಂದು ಗಾಡಿ ನಿಂತಿತು. ಎಂಜಿನ್ ಆರಿತು. ಹಿಂಬಾಗಿಲು ತಾನಾಗಿ ವಾಲಿ ಬಡಿದ ಸದ್ದಾಯಿತು.

ಇನ್ಸ್‌ಪೆಕ್ಟರ್ ತಿರುಗಿ ನೋಡಲಿಲ್ಲ. ಮೊರದ ಮೇಲಿದ್ದ ಎರಡು ಗಾಲಿಗಳನ್ನೇ ನೋಡುತ್ತಿದ್ದಳು. ಅವುಗಳನ್ನು ಮುಚ್ಚಲು ಕೈ ಚಾಚುವುದರೊಳಗೆ ಅಪ್ಪ ಅವಳ ಭುಜದಾಚೆ ನೋಡಿ, ಮುಖ ಅರಳಿಸಿ, ಕಿವುಡರ ದೊಡ್ಡ ಧ್ವನಿಯಲ್ಲಿ ಕೂಗಿದ:

“ಬಾರಮ್ಮ, ಬಾ! ನಿನ್ನ ಬೆಣೆ ಸಿಕ್ಕಿದೆ ನೋಡು!”